ಕಾಲೇಜು ಪೇಜ್ ನಡೆಸುವ ತಂಡ ಕಟ್ಟುವುದು ಹೇಗೆ?

ಕೇರಳದ ಕಾಸರಗೋಡಿನಲ್ಲಿ ಕಾಲೇಜಿಗೊಂದು ಇನ್‌ಸ್ಟಾಗ್ರಾಂ ಪೇಜ್ ತೆರೆಯಲು ಐದು ನಿಮಿಷ ಸಾಕು. ನಡೆಸಲು ಹುಡುಗರೂ ಸಿಗುತ್ತಾರೆ. ಕಷ್ಟ ಶುರುವಾಗುವುದು ಅವರು ಕೋರ್ಸ್ ಮುಗಿಸಿ ಹೋದ ಮೇಲೆ. ಪಾಸ್‌ವರ್ಡ್ ಒಬ್ಬನ ಫೋನಿನಲ್ಲಿ, ಫೋಟೊಗಳು ಇನ್ನೊಬ್ಬಳ ಲ್ಯಾಪ್‌ಟಾಪಿನಲ್ಲಿ. ಪೇಜ್ ಹಳೇ ಓಣಂನ ಪೂಕ್ಕಳದ, ಅಂದರೆ ಹೂವಿನ ರಂಗೋಲಿಯ, ಫೋಟೊದಲ್ಲೇ ನಿಂತುಬಿಡುತ್ತದೆ. ಉಸ್ತುವಾರಿ ಅಧ್ಯಾಪಕರು ತಾವೇ ಕೂತು ಪೋಸ್ಟ್ ಹಾಕಿದರೆ ಇದು ಸರಿಹೋಗುವುದಿಲ್ಲ. ಹಾಕುವವರನ್ನು ವರ್ಷವರ್ಷವೂ ತಯಾರು ಮಾಡಬೇಕು.

ಮೊದಲು ಕೀಲಿಕೈ

ಖಾತೆ ಕಾಲೇಜಿನ ಇಮೇಲ್‌ನಲ್ಲೇ ಇರಲಿ, ಯಾರದೋ ಸ್ವಂತ ಜಿಮೇಲ್ ಬೇಡ. ಎರಡು ಹಂತದ ಪರಿಶೀಲನೆ ಆನ್ ಮಾಡಿ. ಬ್ಯಾಕಪ್ ಕೋಡ್‌ಗಳನ್ನು ಪ್ರಿಂಟ್ ತೆಗೆದು ಆಫೀಸಿನಲ್ಲಿಡಿ. ಫೇಸ್‌ಬುಕ್ ಪೇಜಿಗಾದರೆ ಪಾಸ್‌ವರ್ಡ್ ಹಂಚುವ ಅಗತ್ಯವೇ ಇಲ್ಲ. ಒಬ್ಬೊಬ್ಬರಿಗೂ ಬೇಕಾದಷ್ಟೇ ಅನುಮತಿ ಕೊಡಬಹುದು. ಟಿಸಿ ತೆಗೆದುಕೊಂಡ ದಿನವೇ ಅದನ್ನು ವಾಪಸ್ ತೆಗೆದುಬಿಡಿ.

ಯಾರನ್ನು ಸೇರಿಸಬೇಕು?

ಎಲ್ಲ ವರ್ಷದವರೂ ಇರಲಿ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಬಂದಿದೆ, ನಿಜ. ಆದರೆ ಮೂರು ವರ್ಷಕ್ಕೇ ಹೊರಡಲು ಅವಕಾಶ ಇದೆ. ಹಾಗಾಗಿ ಲೆಕ್ಕ ಮೂರಕ್ಕೇ ಹಾಕಿ.

ಕಾಸರಗೋಡಿನ ಒಂದೇ ಬೆಂಚಿನಲ್ಲಿ ಕನ್ನಡ, ಮಲಯಾಳ, ತುಳು, ಬ್ಯಾರಿ ಮಾತಾಡುವವರು ಕೂತಿರುತ್ತಾರೆ. ಮಲಯಾಳ ಕ್ಯಾಪ್ಷನನ್ನು ಯಂತ್ರಕ್ಕೆ ಕೊಟ್ಟು ಕನ್ನಡ ಮಾಡಿಸುವ ಚಾಳಿ ಬೇಡ. ದಿನ, ಸಮಯ, ಜಾಗ, ಹೆಸರು ಇಷ್ಟನ್ನು ಗ್ರೂಪಿನಲ್ಲಿ ಹಾಕಿ. ಎರಡೂ ಭಾಷೆಯವರು ತಂತಮ್ಮ ರೀತಿಯಲ್ಲಿ ಬರೆಯಲಿ.

ಪೋಸ್ಟರಿನ ಅಕ್ಷರ ಇನ್ನೊಂದು ತಲೆನೋವು. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರವನ್ನು ವಾಟ್ಸ್ಆ್ಯಪ್‌ಗೆ ಅಂಟಿಸಿದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ. ಎಲ್ಲವೂ ಯಾವ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲೇ ಆಗಲಿ. ಫೋಟೊಶಾಪ್‌ನಲ್ಲಿ ಸೆಟ್ಟಿಂಗ್ ಸರಿ ಇಲ್ಲದಿದ್ದರೆ ಒತ್ತಕ್ಷರ ಒಡೆದು ‘ಪ್ರಾಂಶುಪಾಲರು’ ಹೋಗಿ ‘ಪ್‌ರಾಂಶುಪಾಲರು’ ಆಗುತ್ತಾರೆ. ಪೋಸ್ಟರ್ ಮಾಡದ ಒಬ್ಬರು ಅದನ್ನು ಜೋರಾಗಿ ಓದಿ ನೋಡಿದ ಮೇಲೆಯೇ ಅಪ್‌ಲೋಡ್ ಆಗಲಿ.

ತಿದ್ದುವುದು ಹೇಗೆ?

ಮುಖ್ಯ ಕೆಲಸ ಇದು. ಕಾಲೇಜಿನಲ್ಲಿ ಯಕ್ಷಗಾನ ಆಯಿತು ಎಂದಿಟ್ಟುಕೊಳ್ಳಿ. ಎರಡನೇ ವರ್ಷದ ಹುಡುಗಿ ಕ್ಯಾಪ್ಷನ್ ಕಳಿಸುತ್ತಾಳೆ: ‘ಯಕ್ಷಗಾನ ಕಾರ್ಯಕ್ರಮವು ಅತ್ಯಂತ ಅದ್ದೂರಿಯಾಗಿ ನೆರವೇರಿತು.’ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆ ಪಕ್ಕದಲ್ಲೇ ಇರುವಾಗ ಇಷ್ಟು ಸಪ್ಪೆ ಸಾಲೇ! ಆದರೂ ನೀವೇ ಬರೆದು ಕೊಡಬೇಡಿ. ಕೊಟ್ಟರೆ ಮುಂದಿನ ಸಲವೂ ನಿಮ್ಮನ್ನೇ ಕಾಯುತ್ತಾಳೆ. ಸುಮ್ನೆ ಕೇಳಿ, ‘ನೀನು ಏನು ನೋಡಿದೆ ಮಾರಾಯ್ತಿ?’

‘ಸರ್, ಬಣ್ಣ ಹಚ್ಚುವ ಚೌಕಿಯಲ್ಲಿ ಕೆಮಿಸ್ಟ್ರಿಯ ಒಬ್ಬಳು ಮೊದಲ ಸಲ ಗೆಜ್ಜೆ ಕಟ್ಟಿದ್ಲು. ಕಿರೀಟ ಭಾರ ಅಂತ ಕುತ್ತಿಗೆ ತಿರುಗಿಸ್ಲಿಕ್ಕೇ ಹೆದರ್ತಿದ್ಲು.’

‘ಅದನ್ನೇ ಬರಿ. ಅವಳನ್ನು ಕೇಳಿ ಫೋಟೊ ಹಾಕು.’

ತಪ್ಪನ್ನು ಗ್ರೂಪಿನಲ್ಲಿ ಎತ್ತಿ ತೋರಿಸಬೇಡಿ, ಬೇರೆಯಾಗಿ ಹೇಳಿ. ಒಳ್ಳೆಯ ಸಾಲನ್ನು ಮಾತ್ರ ಗ್ರೂಪಿನಲ್ಲೇ ಹೊಗಳಿ. ಒಂದು ಸೆಮಿಸ್ಟರ್ ಕಳೆದ ಮೇಲೆ ದಿನನಿತ್ಯದ ಪೋಸ್ಟ್‌ಗಳಿಗೆ ನಿಮ್ಮ ಒಪ್ಪಿಗೆ ಬೇಕಿಲ್ಲ ಎಂದುಬಿಡಿ. ಪರೀಕ್ಷೆ, ಫೀಸು, ಪ್ರವೇಶ, ಸಾವಿನ ಸುದ್ದಿ ಮಾತ್ರ ನೀವು ನೋಡಿದ ಮೇಲೆಯೇ ಹೋಗಲಿ. ದೀಪ ಬೆಳಗಿಸುವ ಫೋಟೊ ಒಂದೇ ಸಾಕು ಎಂದು ಮೇಲಿನವರಿಗೆ ಹೇಳುವ ಕಷ್ಟದ ಕೆಲಸವೂ ನಿಮ್ಮದೇ, ಹುಡುಗರದಲ್ಲ.

ಮಳೆಗಾಲದ ರಾತ್ರಿಗಳು

ಜೂನ್, ಜುಲೈನಲ್ಲಿ ‘ನಾಳೆ ರಜೆ’ ಎಂಬ ಸ್ಕ್ರೀನ್‌ಶಾಟ್‌ಗಳು ಓಡಾಡುತ್ತವೆ. ಹಳೆಯ ಆದೇಶಕ್ಕೇ ಮತ್ತೆ ಜೀವ ಬಂದಿರುವುದೂ ಉಂಟು. ಜಿಲ್ಲಾಧಿಕಾರಿಯ ಅಧಿಕೃತ ಪೇಜಿನಲ್ಲಿ ಕಾಣುವ ತನಕ ಏನೂ ಹಾಕಬಾರದು. ಕಂಡ ಮೇಲೂ ತಾರೀಕು ನೋಡಬೇಕು, ರಜೆ ಶಾಲೆಗಳಿಗೆ ಮಾತ್ರವೋ ಕಾಲೇಜಿಗೂ ಉಂಟೋ ಎಂದು ಓದಬೇಕು. ರಾತ್ರಿ ಯಾರು ತೀರ್ಮಾನ ಮಾಡುವುದು ಎಂದು ಮೊದಲೇ ಒಬ್ಬರ ಹೆಸರು ಹೇಳಿಡಿ.

ಇನ್‌ಬಾಕ್ಸ್

ಟೀಕೆ ಬಂದರೆ ಅಳಿಸಬೇಡಿ, ಉತ್ತರ ಕೊಡಿ. ಬೈಗುಳವನ್ನು ಮರೆಮಾಡಿ. ಭಾಷೆಯ ಜಗಳಕ್ಕೆ ಪೇಜಿನಿಂದ ಉತ್ತರವೇ ಬೇಡ.

ರ‍್ಯಾಗಿಂಗ್ ದೂರು ಬಂದರೆ ಮಾತ್ರ ತಂಡದವರು ಅದನ್ನು ಹೊತ್ತುಕೊಂಡು ಕೂರಬಾರದು. ಯುಜಿಸಿಯ 2009ರ ನಿಯಮದಂತೆ ಪ್ರತಿ ಕಾಲೇಜಿನಲ್ಲೂ ಅದಕ್ಕೆ ಸಮಿತಿ ಇರಬೇಕು. ದೂರು ಕೂಡಲೇ ಅಲ್ಲಿಗೆ ಹೋಗಲಿ. ದೂರು ಕೊಟ್ಟವರಿಗೆ 1800-180-5522 ಸಹಾಯವಾಣಿಯನ್ನೂ ತಿಳಿಸಿ. ಇನ್‌ಬಾಕ್ಸ್ ನೋಡುವ ಹತ್ತೊಂಬತ್ತರ ಹುಡುಗಿಗೆ ಇಂಥ ಮೆಸೇಜ್ ಓದಿ ನಿದ್ದೆ ಬರುವುದಿಲ್ಲ, ಅಲ್ವಾ? ಮರುದಿನ ಅವಳನ್ನೂ ಒಮ್ಮೆ ಮಾತಾಡಿಸಿ.

ಹಸ್ತಾಂತರ

ಕೊನೆಯ ಪರೀಕ್ಷೆಗೆ ಮುಂಚೆ ಎರಡು ವಾರ ಕಿರಿಯರೇ ಪೇಜ್ ನಡೆಸಲಿ, ಹಿರಿಯರು ಪಕ್ಕದಲ್ಲಿ ಕೂತಿರಲಿ. ಫೋಟೊ, ಫಾಂಟ್, ಟೆಂಪ್ಲೇಟ್ ಎಲ್ಲ ಕಾಲೇಜಿನ ಡ್ರೈವಿಗೆ ಬರಲಿ. ಹೋಗುವವರಿಗೆ ಪ್ರಮಾಣಪತ್ರ ಕೊಡುವಾಗ ‘ಸಕ್ರಿಯವಾಗಿ ಭಾಗವಹಿಸಿದ್ದಾರೆ’ ಎಂದು ಗೀಚಿ ಮುಗಿಸಬೇಡಿ. ಯಾವ ಭಾಷೆಯಲ್ಲಿ ಬರೆದರು, ಯಾವ ವೀಡಿಯೊ ಎಡಿಟ್ ಮಾಡಿದರು, ಎಷ್ಟು ತಿಂಗಳು ತಂಡ ನಡೆಸಿದರು ಎಂದು ಬರೆಯಿರಿ. ಮಂಗಳೂರಿನಲ್ಲೋ ಕೊಚ್ಚಿಯಲ್ಲೋ ಕೆಲಸಕ್ಕೆ ಹೋದಾಗ ಅವರನ್ನು ಕೇಳುವುದು ಅದನ್ನೇ.