ಐದು ಜನರ ಸಂಸ್ಥೆ, ಒಂದು ಬೋರಿಂಗ್

ನಮ್ಮ ಸಂಸ್ಥೆಗೆ ಆಫೀಸ್ ಇಲ್ಲ. ಸಂಬಳದವರು ಒಬ್ಬರೂ ಇಲ್ಲ. ಇರುವುದು ಐದು ಜನ ಟ್ರಸ್ಟಿಗಳು, ಒಂದು ಬ್ಯಾಂಕ್ ಖಾತೆ, ನಮ್ಮನೆ ಅಡುಗೆಮನೆ ಮೇಜಿನ ಮೇಲೆ ಒಂದು ಫೈಲು. ನನ್ನೂರು ಉಡುಪಿ ಕಡೆ. ಈಗ ಇಂಗ್ಲೆಂಡಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಆಫ್ರಿಕಾದ ಮಲಾವಿಯಲ್ಲಿ, ಜೊಂಬಾ ಜಿಲ್ಲೆಯ ಒಂದು ಹಳ್ಳಿಗೆ ನೆರವಾಗುವ ಈ ಪುಟ್ಟ ಸಂಸ್ಥೆಗೆ ಎಂಟು ವರ್ಷದಿಂದ ನಾನೇ ಖಜಾಂಚಿ.

ಇದನ್ನು ಶುರು ಮಾಡಿದವರು ನಮ್ಮ ಪಕ್ಕದ ಬೀದಿಯ ಒಬ್ಬ ನಿವೃತ್ತ ನರ್ಸ್. 1980ರ ದಶಕದಲ್ಲಿ ಆ ಕಡೆಯ ಒಂದು ಮಿಷನ್ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುತ್ತಿದ್ದವರು. ಊರಿಗೆ ವಾಪಸ್ ಬಂದ ಮೇಲೂ ಅಲ್ಲಿನವರ ನಂಟು ಬಿಡಲಿಲ್ಲ. ಮೊದಲು ಶಾಲೆಗೆ ಪುಸ್ತಕ, ಆಮೇಲೆ ಬೆಂಚು, ಆಮೇಲೆ ಬೋರಿಂಗ್, ಅಂದರೆ ಕೈಪಂಪಿನ ಬೋರ್‌ವೆಲ್. ಒಂದು ದಿನ ಚಪ್ಪಲಿ ಡಬ್ಬದ ತುಂಬ ರಸೀದಿ ತಂದು ನನ್ನ ಮುಂದಿಟ್ಟು, "ಇದನ್ನು ಸ್ವಲ್ಪ ನೋಡಿಕೊಡುತ್ತೀಯಾ?" ಎಂದರು. ನೋಡಿದೆ. ಇಲ್ಲಿ ತೆರಿಗೆ ಕಟ್ಟುವವರು 100 ಪೌಂಡ್ ಕೊಟ್ಟು ಒಂದು ಒಪ್ಪಿಗೆ ಪತ್ರ ತುಂಬಿದರೆ, ಸರ್ಕಾರ ಅದಕ್ಕೆ 25 ಪೌಂಡ್ ಸೇರಿಸುತ್ತದೆ. ಗಿಫ್ಟ್ ಏಡ್ ಅಂತಾರೆ. ಆ ಡಬ್ಬದಲ್ಲಿ ತುಂಬಿದ ಪತ್ರಗಳು ಬೇಕಾದಷ್ಟಿದ್ದವು, ಹಣ ಮಾತ್ರ ಯಾರೂ ಕೇಳಿರಲಿಲ್ಲ. ಹಿಂದಿನ ನಾಲ್ಕು ವರ್ಷದವರೆಗಿನದನ್ನು ಕೇಳಬಹುದು. ಒಂದು ಶನಿವಾರ, ಒಂದು ಭಾನುವಾರ ಕೂತು ಅರ್ಜಿ ಹಾಕಿದೆ. ಬಂದ ಹಣದಲ್ಲಿ ಒಂದು ತರಗತಿಗೆ ತಗಡಿನ ಮಾಡು ಆಯಿತು. ಅವತ್ತಿನಿಂದ ನಾನು ಒಳಗಿನವಳಾದೆ.

ಉಳಿದ ಮೂವರಲ್ಲಿ ಒಬ್ಬರು ಹಳೆಯ ಹೆಡ್‌ಮಾಸ್ಟರ್. ಇನ್ನೊಬ್ಬರು ಪ್ರತಿ ತಿಂಗಳು ಚರ್ಚಿನ ಅಂಗಳದಲ್ಲಿ ಕೇಕ್ ಮಾರಿ ದುಡ್ಡು ಕೂಡಿಸುವ ಅಜ್ಜಿ. ಮತ್ತೊಬ್ಬರು ಮಲಾವಿಯಲ್ಲೇ ಹುಟ್ಟಿ, ಈಗ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವವರು. ಮೀಟಿಂಗಿನಲ್ಲಿ "ಅದು ಅಲ್ಲಿ ನಡೆಯಲ್ಲ" ಅಂತ ಹೇಳುವ ಧೈರ್ಯ ಅವರಿಗೆ ಮಾತ್ರ ಇತ್ತು. ಅವರಿಲ್ಲದಿದ್ದರೆ ಎಷ್ಟೋ ಹಣ ಸುಮ್ನೆ ಪೋಲಾಗುತ್ತಿತ್ತು.

ಈಗ ಆ ಬೋರಿಂಗ್‌ನ ವಿಷಯ.

2022ರ ಮಾರ್ಚಿನಲ್ಲಿ ಮಲಾವಿಯಲ್ಲಿ ಕಾಲರಾ ಶುರುವಾಯಿತು. ಮರುವರ್ಷದ ಮೊದಲ ತಿಂಗಳುಗಳಲ್ಲಿ ಅದು ಜೋರಾಯಿತು. ಆ ದೇಶ ಕಂಡ ಅತಿ ದೊಡ್ಡ ಕಾಲರಾ ಅದು, 1,700ಕ್ಕೂ ಹೆಚ್ಚು ಜನ ಸತ್ತರು. ಸರಿಯಾಗಿ ಆ ಜನವರಿಯಲ್ಲೇ ಶಾಲೆ ಪಕ್ಕದ ಬೋರಿಂಗ್ ಕೆಟ್ಟಿತು. ಹಿಡಿಕೆ ಎಷ್ಟು ಒತ್ತಿದರೂ ನೀರಿಲ್ಲ. ಹೆಂಗಸರು ಮತ್ತೆ ಹಳ್ಳದ ನೀರಿಗೆ ಹೋದರು. ಆ ಹಳ್ಳಿ ಶಾಲೆಯ ಮೇಷ್ಟ್ರು ವಾಟ್ಸಾಪಿನಲ್ಲಿ ಫೋಟೋ ಕಳಿಸಿದರು: ಒಣಗಿದ ಕಟ್ಟೆ, ಅದರ ಮೇಲೆ ಬೋರಲು ಹಾಕಿದ ಹಳದಿ ಬಕೆಟ್ಟು.

ನಾವೇನು ಮಾಡಿದೆವು? ರಾತ್ರಿ ಎಂಟಕ್ಕೆ ಝೂಮ್‌ನಲ್ಲಿ ಸೇರಿ, ಹೊಸ ಬೋರ್‌ವೆಲ್ ಕೊರೆಸೋಣ ಅಂತ ಮಾತಾಡಿದೆವು. ಅದಕ್ಕೆ ಹಣ ಎತ್ತುವುದು ಹೇಗೆ, ಎಲ್ಲಿ ಅರ್ಜಿ ಹಾಕುವುದು, ಎಲ್ಲ ಚರ್ಚೆ. ಕೊನೆಗೆ ಮಲಾವಿಯ ಆ ನರ್ಸಮ್ಮ ಕೇಳಿದರು: "ಕೆಟ್ಟಿರುವುದೇನು ಅಂತ ಯಾರಾದರೂ ಅಲ್ಲಿನ ಹೆಂಗಸರನ್ನು ಕೇಳಿದಿರಾ?" ಯಾರೂ ಕೇಳಿರಲಿಲ್ಲ. ಮರುದಿನ ಮೇಷ್ಟ್ರಿಗೆ ಫೋನ್ ಮಾಡಿದಾಗ ಗೊತ್ತಾಯಿತು, ನೀರಿನ ಸಮಿತಿಯ ಹೆಂಗಸರು ಎರಡು ದಿನ ಮೊದಲೇ ಪಂಪು ಬಿಚ್ಚಿ ನೋಡಿದ್ದರು. ಸವೆದಿದ್ದದ್ದು ಪಂಪಿನೊಳಗಿನ ರಬ್ಬರ್ ಸೀಲು. ಜೊತೆಗೆ ಒಂದು ಕಂಬಿ ಮುರಿದಿತ್ತು. ನೆಲದೊಳಗೆ ನೀರು ಬೇಕಾದಷ್ಟಿತ್ತು.

ಸಾಮಾನಿಗೆ ಬೇಕಾದ ಹಣವನ್ನು ಅವತ್ತೇ ಕಳಿಸಿದೆ. ಅದು ಮುಟ್ಟಲಿಲ್ಲ. ನಮ್ಮ ಬ್ಯಾಂಕಿನವರು ತಡೆಹಿಡಿದರು. ಯಾರಿಗೆ, ಯಾಕೆ, ಪಡೆಯುವವರ ಗುರುತು ಏನು ಅಂತ ಪತ್ರದ ಮೇಲೆ ಪತ್ರ. ಸಣ್ಣ ಸಂಸ್ಥೆ ನಡೆಸುವವರಿಗೆಲ್ಲ ಈ ಸಂಕಟ ಗೊತ್ತಿರುತ್ತದೆ. ಮೂರು ವಾರ ಹೀಗೇ ಹೋಯಿತು. ಅಲ್ಲಿ ಕಾಲರಾ, ಇಲ್ಲಿ ನಾನು ಫೋನಿನಲ್ಲಿ ಕಾಯುವ ಸಂಗೀತ ಕೇಳುತ್ತಾ ಕೂತಿದ್ದೆ. ಆ ದಿನಗಳಲ್ಲಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮೂರು ವಾರ ಆದ ಮೇಲೆ ಹಣ ಮುಟ್ಟಿದಾಗ, ಬೋರಿಂಗ್‌ನಲ್ಲಿ ನೀರು ಬಂದು ಹದಿನೈದು ದಿನವಾಗಿತ್ತು!

ಸಾಮಾನಿಗೆ ಹಣ ಕೊಟ್ಟಿದ್ದು ಬಂಕಿ ಮ್‌ಖೊಂಡೆ. ಚಿಚೆವಾ ಭಾಷೆಯಲ್ಲಿ ಖೊಂಡೆ ಅಂದರೆ ನಮ್ಮ ಜಗಲಿ. ಜಗಲಿ ಬ್ಯಾಂಕು. ಇಪ್ಪತ್ತು ಜನ ಹೆಂಗಸರು ವಾರಕ್ಕೊಮ್ಮೆ ಒಬ್ಬರ ಮನೆ ಜಗಲಿಯಲ್ಲಿ ಸೇರಿ ಕೈಲಾದಷ್ಟು ಹಾಕುತ್ತಾರೆ. ಬೇಕಾದವರು ಅದರಿಂದಲೇ ಸಾಲ ತೆಗೆಯುತ್ತಾರೆ, ಬಡ್ಡಿ ಕಟ್ಟುತ್ತಾರೆ. ವರ್ಷದ ಕೊನೆಗೆ ಅಸಲು, ಬಡ್ಡಿ ಎಲ್ಲವನ್ನೂ ಹಂಚಿಕೊಳ್ಳುತ್ತಾರೆ. ನಮ್ಮೂರಿನ ಸ್ವಸಹಾಯ ಸಂಘ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಹೆಂಗಸರು ನಮ್ಮ ಸಂಸ್ಥೆಯ ಹೆಸರಿನಲ್ಲಿ ಸಾಲ ಬರೆದುಕೊಂಡು, ಜೊಂಬಾ ಪೇಟೆಯಿಂದ ಸೀಲು, ಕಂಬಿ ತರಿಸಿದ್ದರು. ನಮ್ಮ ಹಣ ಬಂದಾಗ ಮೇಷ್ಟ್ರು ಒಂದು ಪುಟದ ಫೋಟೋ ಕಳಿಸಿದರು. ಅದರಲ್ಲಿ ಅಸಲು ಇತ್ತು, ಕೆಳಗೆ ಬಡ್ಡಿಯೂ ಇತ್ತು. ಉಳಿದ ಸದಸ್ಯರು ಕಟ್ಟುವ ದರವೇ ನಮಗೂ.

ಒಬ್ಬ ಟ್ರಸ್ಟಿಗೆ ಅನುಮಾನ ಬಂತು, ದಾನದ ಹಣದಲ್ಲಿ ಬಡ್ಡಿ ಕಟ್ಟಬಹುದೇ ಅಂತ. ಕಟ್ಟಲೇಬೇಕು ಅಂತ ನಾನು ಪಟ್ಟು ಬಿಡಲಿಲ್ಲ. ಕಷ್ಟಕಾಲಕ್ಕೆ ನಮಗೆ ಸಾಲ ಕೊಟ್ಟವರು ಅವರು. ಲೆಕ್ಕದಲ್ಲಿ "ಸಾಲದ ಬಡ್ಡಿ" ಅಂತಲೇ ಬರೆದು ಕಟ್ಟಿದೆ. ಎಂಟು ವರ್ಷದಲ್ಲಿ ನಾನು ಬರೆದ ಸಾಲುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದೇ.

ಅದಾದ ಮೇಲೆ ಮಾರ್ಚಿನಲ್ಲಿ ಫ್ರೆಡ್ಡಿ ಚಂಡಮಾರುತ ಬಂದು ದಕ್ಷಿಣ ಮಲಾವಿಯನ್ನೆಲ್ಲ ಕೊಚ್ಚಿಹಾಕಿತು. ನಮ್ಮ ಹಳ್ಳಿಯಲ್ಲೂ ಹಸಿ ಇಟ್ಟಿಗೆಯ ಮನೆಗಳು ಬಿದ್ದವು. ಜನ ತಿಂಗಳುಗಟ್ಟಲೆ ಶಾಲೆಯಲ್ಲೇ ಮಲಗಿದರು. ಆ ಬೋರಿಂಗ್ ಒಂದೇ ಅಷ್ಟೂ ಜನರಿಗೆ ನೀರು ಕೊಟ್ಟಿತು.

ಆ ವರ್ಷ ಜುಲೈನಲ್ಲಿ ನನ್ನ ಖರ್ಚಿನಲ್ಲೇ ಹೋಗಿ ಬಂದೆ. ಮಕ್ಕಳು ದೂರದಿಂದ "ಮ್ವೆನ್ಯೆ, ಮ್ವೆನ್ಯೆ" ಅಂತ ಕೂಗಿದರು. ಅಲ್ಲಿ ಭಾರತದ ಕಡೆಯವರನ್ನು ಹಾಗೆ ಕರೆಯುತ್ತಾರೆ. ದೊಡ್ಡವರು ಮಾತ್ರ "ಅಮಾಯಿ" ಎಂದರು. ಅಂದರೆ ಅಮ್ಮ. ನಮ್ಮ ಹಾಗೇ ಅವರೂ ಹಿರಿಯರನ್ನು ಬಹುವಚನದಲ್ಲೇ ಮಾತಾಡಿಸುತ್ತಾರೆ. ಇನ್ನೊಂದು ವಿಷಯವೂ ಮನೆಯದೇ ಅನ್ನಿಸಿತು. ಅಲ್ಲಿ ಮದುವೆಯಾದ ಗಂಡಸು ಹೆಂಡತಿಯ ಊರಿಗೆ ಬರುತ್ತಾನೆ, ಜಮೀನು ತಾಯಿಯ ಕಡೆಯಿಂದ ಬರುತ್ತದೆ. ನಮ್ಮ ಕರಾವಳಿಯ ಅಳಿಯಕಟ್ಟು ನೋಡಿ ಬೆಳೆದ ನನಗೆ ಹೆಂಗಸರು ಅಷ್ಟು ಗಟ್ಟಿಯಾಗಿ ಯಾಕೆ ಮಾತಾಡುತ್ತಾರೆ ಅಂತ ಬೇಗ ಅರ್ಥವಾಯಿತು.

ಸಮಿತಿಯವರು ನನಗಾಗಿ ಪಂಪು ಬಿಚ್ಚಿ ತೋರಿಸಿದರು. ಅದು ಅಫ್ರಿದೇವ್ ಪಂಪು, ಊರಿನವರೇ ರಿಪೇರಿ ಮಾಡಿಕೊಳ್ಳಲಿ ಅಂತಲೇ ಮಾಡಿದ್ದು. ಒಂದೇ ಸ್ಪ್ಯಾನರ್ ಸಾಕು. ನಮ್ಮ ಉಡುಪಿ ಕಡೆಯ ಹಳ್ಳಿಗಳಲ್ಲಿದ್ದ ಇಂಡಿಯಾ ಮಾರ್ಕ್ 2 ಪಂಪು ಹಾಗಲ್ಲ, ಒಳಗಿನ ಸಾಮಾನಿಗೆ ಕೈ ಹಾಕಬೇಕೆಂದರೆ ಭಾರದ ಕಬ್ಬಿಣದ ಪೈಪುಗಳನ್ನೇ ಎತ್ತಬೇಕಿತ್ತು, ಮೆಕ್ಯಾನಿಕ್ ಬರುವವರೆಗೆ ಊರೇ ಕಾಯಬೇಕಿತ್ತು. ಇಲ್ಲಿ ಒಬ್ಬಾಕೆ ಮುಚ್ಚಳ ಬಿಚ್ಚಿ ಹಿಡಿಕೆ ತೆಗೆದರು. ಇನ್ನಿಬ್ಬರು ಕಂಬಿಯನ್ನು ಮೇಲಕ್ಕೆಳೆದರು. ಒಂದು ಕಂಬಿಯ ಕೊಕ್ಕೆ ಇನ್ನೊಂದಕ್ಕೆ ಸಿಕ್ಕಿಸಿರುತ್ತದೆ. ಒಂದು ಮೇಲೆ ಬಂತು, ಕೊಕ್ಕೆ ಬಿಡಿಸಿ ಹುಲ್ಲಿನ ಮೇಲಿಟ್ಟರು. ಮತ್ತೊಂದು. ಕೊನೆಗೆ ಪಿಸ್ಟನ್ ಬಂತು, ನೀರು ತೊಟ್ಟಿಕ್ಕುತ್ತಾ. ಅದರ ಸುತ್ತ ಕಪ್ಪು ರಬ್ಬರಿನ ಒಂದು ಬಳೆ. ಆಕೆ ಬೆರಳಲ್ಲೇ ಅದನ್ನು ಕಳಚಿ ನನ್ನ ಅಂಗೈಗೆ ಹಾಕಿದರು. ಆ ಜನವರಿಯಲ್ಲಿ ಇಡೀ ಊರನ್ನು ಹಳ್ಳದ ನೀರಿಗೆ ಕಳಿಸಿದ್ದು ಇಂಥದ್ದೇ ಒಂದು ಸವೆದ ಬಳೆ. ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ.

ಆ ಪ್ರವಾಸದಲ್ಲೇ ನಮ್ಮ ಹಣದ ವೇಳಾಪಟ್ಟಿ ಬದಲಾಯಿತು. ಮೊದಲು ನಾವು ಕಳಿಸುತ್ತಿದ್ದದ್ದು ಡಿಸೆಂಬರಿನಲ್ಲಿ. ಕ್ರಿಸ್‌ಮಸ್ ಹೊತ್ತಿಗೆ ಇಲ್ಲಿ ಜಾಸ್ತಿ ಹಣ ಬರುತ್ತದೆ, ಅದಕ್ಕೇ. ಆದರೆ ಅಲ್ಲಿ ಡಿಸೆಂಬರಿನಿಂದ ಮಾರ್ಚಿನವರೆಗೆ ಹಸಿವಿನ ತಿಂಗಳು. ಮೆಕ್ಕೆಜೋಳದ ಬೆಲೆ ಏರಿರುತ್ತದೆ. ಸುಗ್ಗಿ ಏಪ್ರಿಲ್, ಮೇನಲ್ಲಿ. "ಅಮಾಯಿ, ನೀವು ಬೆಲೆ ಹೆಚ್ಚಾದಾಗಲೇ ಕಳಿಸುತ್ತೀರಿ" ಎಂದರು ಒಬ್ಬ ಅಜ್ಜಿ. ಅಷ್ಟು ವರ್ಷ ಲೆಕ್ಕ ಬರೆದೂ ನನಗೆ ಅದು ಹೊಳೆದಿರಲಿಲ್ಲ. ಈಗ ಮೇನಲ್ಲೇ ಕಳಿಸುತ್ತೇವೆ. ಮೆಕ್ಕೆಜೋಳ, ಸೋಯಾ ಕೊಂಡು, ಗಾಳಿಯಾಡದ ಮೂರು ಪದರದ ಚೀಲದಲ್ಲಿ ತುಂಬಿಡುತ್ತಾರೆ, ಹುಳ ಹಿಡಿಯಲ್ಲ. ಜನವರಿಯಲ್ಲಿ ಅದರದ್ದೇ ಗಂಜಿ ಮಕ್ಕಳಿಗೆ. ಗಂಜಿ ಇರುವ ದಿನ ತರಗತಿ ತುಂಬಿರುತ್ತದೆ ಅಂತ ಮೇಷ್ಟ್ರು ಹಾಜರಿ ಪುಸ್ತಕವನ್ನೇ ತೋರಿಸಿದರು.

ಅದೇ ವರ್ಷ ನವೆಂಬರಿನಲ್ಲಿ ಮಲಾವಿಯ ನಾಣ್ಯ ಕ್ವಾಚಾ ಕುಸಿಯಿತು, ಒಂದು ಡಾಲರಿನ ಬೆಲೆ ಕ್ವಾಚಾದಲ್ಲಿ ಒಂದೇ ಏಟಿಗೆ ಶೇಕಡಾ 44 ಏರಿತು. ನಮ್ಮ ಪೌಂಡಿಗೆ ಜಾಸ್ತಿ ಕ್ವಾಚಾ ಸಿಗುತ್ತದೆ ಅಂತ ಇಲ್ಲಿ ಕೆಲವರು ಖುಷಿಪಟ್ಟರು. ಆದರೆ ಅಲ್ಲಿನ ಅಂಗಡಿಯಲ್ಲಿ ಗೊಬ್ಬರ, ಎಣ್ಣೆ, ಪಂಪಿನ ಸಾಮಾನು ಎಲ್ಲದರ ಬೆಲೆಯೂ ಹಾರಿತ್ತು. ಮರುವರ್ಷದಿಂದ ಮೇನಲ್ಲೇ ತುಂಬಿಟ್ಟ ಚೀಲಗಳು ಮಕ್ಕಳ ಕೈ ಹಿಡಿದವು.

ಏನೇನು ಬೇಕು ಅಂತ ಹಳ್ಳಿಯವರ ಈ ವರ್ಷದ ಪಟ್ಟಿ ಮೊನ್ನೆ ಬಂತು. ಬೋರಿಂಗ್ ಹೆಸರೇ ಅದರಲ್ಲಿಲ್ಲ. ಸುಗ್ಗಿಯ ಹೊತ್ತಿಗೆ ಮನೆಗಿಷ್ಟು ಅಂತ ಎತ್ತಿ, ಸೀಲು, ಬುಷ್ಷು ಎಲ್ಲ ಮೊದಲೇ ತಂದಿಟ್ಟುಕೊಂಡಿದ್ದಾರಂತೆ. ಬದಲಿಗೆ ಹೈಸ್ಕೂಲು ಸೇರಿದ ಇಬ್ಬರು ಹುಡುಗಿಯರಿಗೆ ಹಾಸ್ಟೆಲ್ ಫೀಸು ಕೇಳಿದ್ದಾರೆ. ಕೇಕಿನ ಅಜ್ಜಿ ಅದನ್ನು ತಾವೇ ನೋಡಿಕೊಳ್ಳುತ್ತೇನೆ ಎಂದಿದ್ದಾರೆ. ಬ್ಯಾಂಕಿಗೆ ಬೇಕಾದ ಪತ್ರಗಳನ್ನೆಲ್ಲ ಈ ಸಲ ಒಂದು ತಿಂಗಳು ಮೊದಲೇ ಕೊಟ್ಟಿದ್ದೇನೆ. ಮೇ ಮೊದಲ ವಾರ ಹಣ ಹೋಗುತ್ತದೆ, ಮೆಕ್ಕೆಜೋಳದ್ದು ಮೊದಲು.