ಹಿಂಡಿ ನೀರು, ಹುಳಿ ಮಜ್ಜಿಗೆ, ಹಳದಿ ತಿರುಗಿದ ಕರಿಬೇವು

ಬೆಂಗಳೂರಿನ ಕತ್ರಿಗುಪ್ಪೆಯಲ್ಲಿ ನಮ್ಮದು ಎರಡನೇ ಮಹಡಿಯ ಬಾಡಿಗೆ ಮನೆ. ತಾರಸಿಯಲ್ಲಿ ಅರ್ಧ ಜಾಗ ನೀರಿನ ಟ್ಯಾಂಕಿಗೆ, ಕಾಲು ಜಾಗ ಓನರ್ ಆಂಟಿಯ ಬಟ್ಟೆ ತಂತಿಗೆ, ಉಳಿದ ಕಾಲು ನನ್ನ ನಲವತ್ತೆರಡು ಕುಂಡಗಳಿಗೆ. ಕುಂಡ ಅಂದರೆ ಎಲ್ಲವೂ ಕುಂಡವಲ್ಲ. ಪೇಂಟ್ ಬಕೆಟ್ಟು, ಬಾಯಿ ಒಡೆದ ಬಿಂದಿಗೆ, ಸಿಮೆಂಟ್ ಚೀಲ, ಎಲ್ಲ ಸೇರಿ.

ಶುರು ಮಾಡಿದ ವರ್ಷ ನರ್ಸರಿಯಲ್ಲಿ ಕೊಟ್ಟ ಹಸಿರು ಬಾಟಲಿಯ ಟಾನಿಕ್ಕನ್ನೇ ಹಾಕುತ್ತಿದ್ದೆ. ಕಾಲು ಲೀಟರಿಗೆ 280 ರೂಪಾಯಿ. ಎರಡು ತಿಂಗಳಿಗೊಂದು ಬಾಟಲಿ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಒಂದು ಬ್ಲೌಸಿನ ಕೂಲಿ ಬಾಟಲಿಗೆ ಹೋಗಿ, ಕುಂಡದಿಂದ ಬಂದ ಬೆಂಡೆಕಾಯಿ ಒಂದು ಹೊತ್ತಿನ ಗೊಜ್ಜಿಗೂ ಸಾಲದಿದ್ದಾಗ ಮನೆಯವರು ನಕ್ಕರು. ಆ ನಗೆಗೆ ಮನೆಯಲ್ಲೇ ಗೊಬ್ಬರ ಮಾಡಲು ಹೊರಟೆ.

ಮೊದಲು ಕಲಿಸಿದ್ದು ನಮ್ಮ ಅತ್ತೆ. ಹಾಸನದ ಕಡೆಯವರು. ಅಕ್ಕಿ ತೊಳೆದ ನೀರನ್ನು ಸಿಂಕಿಗೆ ಚೆಲ್ಲಿದರೆ ಅವರಿಗೆ ಸಂಕಟ. ‘ಊರಲ್ಲಿ ಕಲಗಚ್ಚು ಹಸುವಿಗೆ ಹೋಗೋದು, ಇಲ್ಲಿ ಹಸು ಇಲ್ಲ ಅಂತ ಮೋರಿಗೆ ಹಾಕ್ತೀಯಲ್ಲೇ’ ಅಂತ ಬೈದು, ಸಿಂಕಿನ ಪಕ್ಕ ಒಂದು ಬಕೆಟ್ ಇಟ್ಟರು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರೆಲ್ಲ ಅದಕ್ಕೆ. ಉಪ್ಪು ಬಿದ್ದ ನೀರು ಬೇಡ, ಸೋಪು ಬೇಡ, ಎಣ್ಣೆ ಬೇಡ. ಅವತ್ತಿನದು ಅವತ್ತೇ ಹಾಕಬೇಕು. ಮಾರನೇ ದಿನಕ್ಕೆ ಗಂಜಿ ಹುಳಿತು ನುಸಿ ಏಳುತ್ತದೆ. ಇದರಲ್ಲಿ ಸತ್ವ ಬಹಳ ಇದೆ ಅಂತ ನಾನು ಹೇಳುವುದಿಲ್ಲ, ಇರುವುದು ಒಂದಿಷ್ಟು ಗಂಜಿ ಮಾತ್ರ. ಆದರೆ ಪುಕ್ಕಟೆ ನೀರು. 2024ರ ಮಾರ್ಚಿನಲ್ಲಿ ಊರಿಗೇ ನೀರಿಲ್ಲದೆ, ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದಾಗ ನನ್ನ ತೋಟವನ್ನು ಉಳಿಸಿದ್ದು ಆ ಬಕೆಟ್ಟೇ. ಕೆಡಿಸಿದ್ದೂ ಅದೇ ಬೇಸಿಗೆ. ಆ ಕಥೆಗೆ ಆಮೇಲೆ ಬರುತ್ತೇನೆ.

ನನ್ನ ಮಟ್ಟಿಗೆ ಮನೆಗೊಬ್ಬರಗಳಲ್ಲಿ ರಾಜ ಅಂದರೆ ಕಡಲೆಕಾಯಿ ಹಿಂಡಿ. ಎಣ್ಣೆ ತೆಗೆದ ಮೇಲೆ ಗಾಣದವರ ಹತ್ತಿರ ಉಳಿಯುವ ಹಿಂಡಿಯಲ್ಲಿ ನೂರಕ್ಕೆ ಸುಮಾರು ಏಳು ಪಾಲು ಸಾರಜನಕ. ಕೊಟ್ಟಿಗೆ ಗೊಬ್ಬರದಲ್ಲಿ ಒಂದು ಪಾಲು ಇದ್ದರೂ ಹೆಚ್ಚು. ಒಂದು ಕಿಲೋ ತಂದರೆ ನನಗೆ ಐದು ತಿಂಗಳು. ನೂರು ಗ್ರಾಂ ಹಿಂಡಿ ಪುಡಿ ಮಾಡಿ ಒಂದು ಲೀಟರ್ ನೀರಿಗೆ ಹಾಕಿ, ಅಡಕೆಯಷ್ಟು ಬೆಲ್ಲ ಸೇರಿಸಿ, ಬಾಯಿಗೆ ಬಟ್ಟೆ ಕಟ್ಟಿ ನೆರಳಲ್ಲಿ ಇಡುತ್ತೇನೆ. ಬೆಳಗ್ಗೆ ಸಂಜೆ ಕೋಲಿನಲ್ಲಿ ತಿರುವಬೇಕು. ಬೇಸಿಗೆಯಾದರೆ ಮೂರು ದಿನ, ಚಳಿಗಾಲದಲ್ಲಿ ಐದು ದಿನ. ನೊರೆ ಬಂದು, ಹುಳಿ ವಾಸನೆ ಹತ್ತಿದಾಗ ಹಳೇ ಪಂಚೆಯಲ್ಲಿ ಸೋಸಿ, ಒಂದಕ್ಕೆ ಹತ್ತು ನೀರು ಬೆರೆಸಿ, ಹನ್ನೆರಡು ಇಂಚಿನ ಕುಂಡಕ್ಕೆ ಒಂದು ಲೋಟ. ಹದಿನೈದು ದಿನಕ್ಕೊಮ್ಮೆ. ಮಣ್ಣು ಒಣಗಿರುವಾಗ ಹಾಕಬಾರದು, ಮೊದಲು ಬರೀ ನೀರು, ಆಮೇಲೆ ಇದು.

ಈ ಲೆಕ್ಕ ಸುಮ್ಮನೆ ಬಂದದ್ದಲ್ಲ. ಮೊದಲ ಸಲ ‘ಹೆಚ್ಚು ಹಾಕಿದರೆ ಹೆಚ್ಚು ಬರುತ್ತದೆ’ ಅಂತ ಗಟ್ಟಿ ನೀರನ್ನೇ ಸುರಿದೆ, ಚರಟವನ್ನೂ ಬುಡಕ್ಕೆ ಹಾಕಿದೆ. ಎರಡು ದಿನದಲ್ಲಿ ಕುಂಡದ ಮೇಲೆ ಬಿಳಿ ಬೂಸ್ಟು, ನಾಲ್ಕನೇ ದಿನ ಹುಳ, ಜೊತೆಗೆ ಇರುವೆ ಸಾಲು. ಬದನೆ ಎಲೆ ಅಂಚು ಸುಟ್ಟ ಹಾಗೆ ಕಂದಾಯಿತು. ಆಂಟಿ ಬಟ್ಟೆ ಹಾಕಲು ಬಂದವರು ಮೂಗಿಗೆ ಸೆರಗು ಹಿಡಿದು, ‘ಏನಮ್ಮಾ, ಟ್ಯಾಂಕಿನ ಹಿಂದೆ ಇಲಿ ಗಿಲಿ ಸತ್ತಿದೆಯೇನಮ್ಮಾ?’ ಅಂದರು. ‘ಇಲ್ಲ ಆಂಟಿ, ಕಡಲೆಕಾಯಿ’ ಅಂದೆ. ‘ಕಡಲೆಕಾಯಿ ಈ ಥರ ನಾತ ಹೊಡೆಯಲ್ಲಮ್ಮಾ’ ಅಂದರು. ಬಾಡಿಗೆ ಮನೆಯಲ್ಲಿ ಇಂಥ ಮಾತಿಗೆ ತೂಕ ಜಾಸ್ತಿ. ಅವತ್ತಿನಿಂದ ಹಿಂಡಿ ನೆನೆಸುವುದು ಒಂದು ಲೀಟರ್ ಮಾತ್ರ, ತಿರುವುವುದಂತೂ ತಪ್ಪಿಸುವುದಿಲ್ಲ. ಗಾಳಿ ಆಡದೆ ಕೊಳೆತರೆ ಕೊಳೆನಾತ, ತಿರುವುತ್ತಿದ್ದರೆ ಬರೀ ಹುಳಿ ವಾಸನೆ. ವ್ಯತ್ಯಾಸ ದೊಡ್ಡದು.

ಇನ್ನೊಂದು ಪಾಠ ಮೆಣಸಿನ ಗಿಡ ಕಲಿಸಿತು. ವಾರಕ್ಕೊಮ್ಮೆ ಹಿಂಡಿ ನೀರು ಕುಡಿದು ಎದೆಯುದ್ದ ಬೆಳೆಯಿತು, ಎಲೆಯೋ ಎಲೆ, ಒಂದು ಹೂವಿಲ್ಲ. ಮೆತ್ತನೆ ಚಿಗುರಿಗೆ ಕಪ್ಪು ಹೇನು ಬೇರೆ ಮುತ್ತಿತು. ಸಾರಜನಕ ಅತಿಯಾದರೆ ಹೀಗೇ ಆಗುತ್ತದೆ. ಮೊಗ್ಗು ಕಂಡ ಮೇಲೆ ಹಿಂಡಿ ನಿಲ್ಲಿಸಿಬಿಡುತ್ತೇನೆ ಈಗ. ಸೊಪ್ಪಿನ ಕುಂಡಗಳಿಗೆ ಮಾತ್ರ ನಿಲ್ಲಿಸುವುದಿಲ್ಲ. ದಂಟು, ಪಾಲಕ್, ಮೆಂತ್ಯಕ್ಕೆ ಬೇಕಿರುವುದೇ ಎಲೆ ತಾನೆ.

ಹರಳು ಹಿಂಡಿ ಇನ್ನೂ ಅಗ್ಗ. ಆದರೆ ಕೆಳಗಡೆ ಆಂಟಿಯ ನಾಯಿ ಇದೆ, ಅದು ತಾರಸಿಗೂ ಬರುತ್ತದೆ. ಹರಳು ಹಿಂಡಿ ತಿಂದರೆ ನಾಯಿಗೆ ವಿಷ. ಹಾಗಾಗಿ ಅದರ ತಂಟೆಗೆ ಹೋಗಲಿಲ್ಲ. ಬೇವಿನ ಹಿಂಡಿಯನ್ನು ಮಣ್ಣು ಕಲೆಸುವಾಗ ಕುಂಡಕ್ಕೊಂದು ಹಿಡಿ ಸೇರಿಸುತ್ತೇನೆ, ಅಷ್ಟೇ.

ಬಾಳೆಹಣ್ಣಿನ ಸಿಪ್ಪೆಯ ವಿಷಯಕ್ಕೆ ಬಂದರೆ ಕೆಲವರಿಗೆ ಬೇಸರವಾಗಬಹುದು. ಸಿಪ್ಪೆ ನೆನೆಸಿದ ನೀರಿಗೆ ಹೂವು ಕಿತ್ತುಕೊಂಡು ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಂದೇ ದಿನ ನೆಟ್ಟ ನಾಲ್ಕು ಟೊಮೇಟೊ ಸಸಿಗಳಲ್ಲಿ ಎರಡಕ್ಕೆ ಆ ನೀರು, ಎರಡಕ್ಕೆ ಬರೀ ನೀರು ಅಂತ ಎರಡು ತಿಂಗಳು ಹಾಕಿ ನೋಡಿದೆ. ನನ್ನ ಕಣ್ಣಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಸಿಪ್ಪೆಯಲ್ಲಿ ಪೊಟ್ಯಾಷ್ ಇರುವುದು ನಿಜ, ನೀರಿಗೆ ಇಳಿಯುವುದೂ ನಿಜ. ಆದರೆ ನಾಲ್ಕು ಏಲಕ್ಕಿ ಬಾಳೆ ಸಿಪ್ಪೆಯಲ್ಲಿ ಎಷ್ಟು ಇದ್ದೀತು? ಈಗ ಸಿಪ್ಪೆಯನ್ನು ಚೂರು ಮಾಡಿ ಕಾಂಪೋಸ್ಟ್ ಡಬ್ಬಕ್ಕೇ ಹಾಕುತ್ತೇನೆ. ಹೋಗುವುದು ಅಲ್ಲಿಗೇ, ಸುತ್ತಿ ಬಳಸಿ ಹೋಗುವುದೇಕೆ.

ಮೊಟ್ಟೆ ಚಿಪ್ಪಿನದೂ ಇದೇ ಕಥೆ. ನಮ್ಮಲ್ಲಿ ಮೊಟ್ಟೆ ತರುವುದಿಲ್ಲ, ಪಕ್ಕದ ಮನೆಯವರು ಚೀಲದಲ್ಲಿ ಕೂಡಿಡುತ್ತಿದ್ದರು. ಚಿಪ್ಪಿನಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಸುಣ್ಣದ ಅಂಶ. ಅದು ಬರೀ ನೀರಲ್ಲಿ ನೆನೆಸಿದರೆ ಕರಗುವಂಥದ್ದಲ್ಲ. ಮಿಕ್ಸಿಯಲ್ಲಿ ಹಿಟ್ಟಿನಂತೆ ಪುಡಿ ಮಾಡಿ ಹಾಕಿದರೂ ಮಣ್ಣಿಗೆ ಸೇರಲು ತಿಂಗಳುಗಟ್ಟಲೆ ಬೇಕು. ಅದಕ್ಕಿಂತ ಹೆಚ್ಚಾಗಿ, ನಮ್ಮ ಬೋರ್ ನೀರಿನಲ್ಲೇ ಬೇಕಾದಷ್ಟು ಸುಣ್ಣ ಇದೆ. ಬಕೆಟ್ ಅಂಚಿನ ಬಿಳಿ ಕರೆ ನೋಡಿದರೆ ಸಾಕು. ಟೊಮೇಟೊ ಕಾಯಿಯ ತಳ ಕಪ್ಪಗಾದಾಗ ಚಿಪ್ಪು ಸುರಿದು ಸುರಿದು ಸಾಕಾಗಿ, ಕೊನೆಗೆ ಗೊತ್ತಾದದ್ದು ತಪ್ಪು ನನ್ನದೇ ಅಂತ. ಒಂದು ದಿನ ಒಣಗಿಸಿ ಒಂದು ದಿನ ಮುಳುಗಿಸುತ್ತಿದ್ದೆ. ನೀರು ಒಂದೇ ಸಮ ಸಿಗದಿದ್ದರೆ ಮಣ್ಣಲ್ಲಿ ಸುಣ್ಣ ಇದ್ದೂ ಕಾಯಿಗೆ ಮುಟ್ಟುವುದಿಲ್ಲ. ಆ ಕುಂಡಗಳ ಮೇಲೆ ಹೊದಿಕೆ ಹಾಕಿ, ನೀರಿನ ಹೊತ್ತು ಸರಿ ಮಾಡಿದ ಮೇಲೆ ಕಾಯಿ ನೆಟ್ಟಗಾಯಿತು.

ಹೊದಿಕೆಗೆ ನನ್ನದೊಂದು ಪುಕ್ಕಟೆ ದಾರಿ ಇದೆ. ಕಾರ್ತೀಕದ ಕೊನೆ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದಲ್ಲ, ಅದಾದ ಮೇಲೆ ಬುಲ್ ಟೆಂಪಲ್ ರಸ್ತೆಯ ಬದಿಯಲ್ಲಿ ಸಿಪ್ಪೆಯ ರಾಶಿ. ಒಂದು ಗೋಣಿಚೀಲ ತುಂಬಿ ಸ್ಕೂಟರಿನಲ್ಲಿ ತರುತ್ತೇನೆ. ಉಪ್ಪು ಹಾಕಿ ಬೇಯಿಸಿದ ಕಾಯಿಯ ಸಿಪ್ಪೆಯನ್ನು ಆರಿಸಿ ತೆಗೆಯಬೇಕು. ಉಳಿದದ್ದು ಎರಡು ಇಂಚು ದಪ್ಪ ಹರಡಿದರೆ ಬೇಸಿಗೆ ದಾಟುತ್ತದೆ. ಮನೆಯವರಿಗೆ ಮಾತ್ರ ನಾಚಿಕೆ. ‘ಪರಿಷೆಗೆ ಹೋದವರು ಕಡಲೆಕಾಯಿ ತರ್ತಾರೆ, ನೀನು ಸಿಪ್ಪೆ ತರ್ತೀಯ’ ಅಂತ ಪ್ರತಿ ವರ್ಷ ಹೇಳುತ್ತಾರೆ.

ಕಾಫಿ ಚರಟ ನಮ್ಮಲ್ಲಿ ದಿನಾ ಎರಡು ಫಿಲ್ಟರ್. ಬುಡಕ್ಕೆ ದಪ್ಪಗೆ ಹಾಕಿದರೆ ಒಣಗಿ ಹಪ್ಪಳದಂತೆ ಗಟ್ಟಿಯಾಗಿ ನೀರೇ ಒಳಗೆ ಇಳಿಯುವುದಿಲ್ಲ. ಅದೂ ಕಾಂಪೋಸ್ಟಿಗೇ.

ಹಣ್ಣಿನ ಸಿಪ್ಪೆಯ ಕಿಣ್ವವನ್ನೂ ಬಿಡಲಿಲ್ಲ. ಒಂದು ಪಾಲು ಬೆಲ್ಲ, ಮೂರು ಪಾಲು ಕಿತ್ತಳೆ ಸಿಪ್ಪೆ, ಹತ್ತು ಪಾಲು ನೀರು, ಮೂರು ತಿಂಗಳು. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು. ತವರಿಗೆ ಹೋದ ನಾಲ್ಕು ದಿನ ಮರೆತೆ. ರಾತ್ರಿ ಹನ್ನೊಂದಕ್ಕೆ ಅಡುಗೆಮನೆಯಲ್ಲಿ ಡಬ್ ಅಂತ ಸದ್ದಾಗಿ ಸಿಪ್ಪೆ ಎಲ್ಲ ಸೂರಿಗೆ ಅಂಟಿತ್ತಂತೆ. ಅದು ಗಿಡಕ್ಕಿಂತ ನೆಲ ಒರೆಸಲೇ ಚೆನ್ನ.

ಜೀವಾಮೃತವನ್ನು ಹತ್ತು ಲೀಟರಿನ ಬಕೆಟ್ಟಿಗೆ ಇಳಿಸಿಕೊಂಡಿದ್ದೇನೆ. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಅವರು ಎಕರೆಗೆ ಹೇಳುವ ಲೆಕ್ಕ 200 ಲೀಟರಿನದು, ನಮಗೆಲ್ಲಿ ಅಷ್ಟು. ಹಿಂದಿನ ಬೀದಿಯಲ್ಲಿ ಇನ್ನೂ ಎರಡು ಹಸು ಕಟ್ಟಿರುವ ಮನೆ ಇದೆ. ಅಲ್ಲಿಂದ ಅರ್ಧ ಕಿಲೋ ಸಗಣಿ, ಅರ್ಧ ಲೀಟರ್ ಗಂಜಲ, ಮನೆಯಿಂದ ನೂರು ಗ್ರಾಂ ಬೆಲ್ಲ, ನೂರು ಗ್ರಾಂ ಕಡಲೆಹಿಟ್ಟು, ಪಾರ್ಕಿನ ಹೊಂಗೆಮರದ ಬುಡದ ಒಂದು ಹಿಡಿ ಮಣ್ಣು. ಎರಡು ದಿನ ನೆರಳಲ್ಲಿಟ್ಟು ತಿರುವಿ, ವಾರದೊಳಗೆ ಖಾಲಿ ಮಾಡುತ್ತೇನೆ. ಇದು ಗಿಡಕ್ಕೆ ಊಟ ಅಲ್ಲ, ಹೆಪ್ಪು. ಹಾಲಿಲ್ಲದೆ ಹೆಪ್ಪು ಹಾಕಿದರೆ ಮೊಸರಾಗುತ್ತದೆಯೇ? ಕುಂಡದಲ್ಲಿ ಕಾಂಪೋಸ್ಟ್ ಇದ್ದರೆ ಮಾತ್ರ ಇದಕ್ಕೆ ಕೆಲಸ.

ಈಗ ಆ ಬೇಸಿಗೆಯ ಕಥೆ. 2024ರಲ್ಲಿ ಬೋರ್ ತಳ ಹಿಡಿದಿತ್ತು. ಒಂದು ಹನಿಯೂ ಪೋಲಾಗಬಾರದು ಅಂತ ಅಡುಗೆಮನೆಯ ಆರ್‌ಓ ಫಿಲ್ಟರಿನಿಂದ ಹೊರಬೀಳುವ ನೀರನ್ನೂ ಹಿಡಿದು ಗಿಡಕ್ಕೆ ಹಾಕಿದೆ. ಜೊತೆಗೆ ಬೀದಿ ತುದಿಯ ಇಸ್ತ್ರಿ ಗಾಡಿಯವರ ಹತ್ತಿರ ಇದ್ದಿಲು ಬೂದಿ ಸಿಗುತ್ತಿತ್ತು. ಬೂದಿಯಲ್ಲಿ ಪೊಟ್ಯಾಷ್ ಇದೆ ಅಂತ ವಾರಕ್ಕೊಂದು ಹಿಡಿ. ಏಪ್ರಿಲ್ ಮುಗಿಯುವಷ್ಟರಲ್ಲಿ ಕರಿಬೇವು ಹಳದಿ ತಿರುಗಿತು, ಹಿಂದೆಯೇ ಮಲ್ಲಿಗೆ. ಊಟ ಸಾಲದು ಅಂತ ಹಿಂಡಿ ನೀರು ಹಾಕಿದೆ. ಇನ್ನೂ ಹಳದಿ. ಬೂದಿ ಹೆಚ್ಚು ಮಾಡಿದೆ. ಚಿಗುರು ಬೆಳ್ಳಗೇ ಬರತೊಡಗಿತು.

ಫಿಲ್ಟರ್ ಸರ್ವಿಸ್ ಮಾಡಲು ಬಂದ ಹುಡುಗ ನೀರಿನ ಲವಣ ಅಳೆಯುವ ಮೀಟರ್ ಅದ್ದಿದಾಗ ಕಣ್ಣು ತೆರೆಯಿತು. ಬೋರ್ ನೀರು 860, ಫಿಲ್ಟರ್ ಬಿಟ್ಟ ನೀರು 1300ರ ಮೇಲೆ. ಕುಡಿಯುವ ನೀರಿನಿಂದ ತೆಗೆದ ಲವಣವನ್ನೆಲ್ಲ ನಾನು ಕುಂಡಕ್ಕೆ ತುಂಬುತ್ತಿದ್ದೆ, ಮೇಲೆ ಕ್ಷಾರದ ಬೂದಿ. ಆಮೇಲೆ ಎಲೆಯನ್ನು ಬಿಸಿಲಿಗೆ ಹಿಡಿದು ಸರಿಯಾಗಿ ನೋಡಿದೆ. ನರ ಹಸಿರು, ನಡುವೆ ಹಳದಿ, ಅದೂ ಹೊಸ ಎಲೆಯಲ್ಲಿ. ಸಾರಜನಕ ಕಡಿಮೆಯಾದರೆ ಮೊದಲು ಹಳದಿಯಾಗುವುದು ಕೆಳಗಿನ ಹಳೇ ಎಲೆ. ಚಿಗುರು ಹೀಗೆ ಹಳದಿಯಾದರೆ ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇರುತ್ತದೆ, ಕ್ಷಾರ ಹೆಚ್ಚಾದಾಗ ಬೇರಿಗೆ ಸಿಗುವುದಿಲ್ಲ. ಊಟ ಮುಂದಿದ್ದೂ ಬಾಯಿ ಕಟ್ಟಿದ ಹಾಗೆ.

ಅತ್ತೆಗೆ ಇದ್ಯಾವುದೂ ಬೇಕಿರಲಿಲ್ಲ. ‘ಕರಿಬೇವಿಗೆ ಹುಳಿ ಮಜ್ಜಿಗೆ ಹಾಕು, ತುಕ್ಕು ಮೊಳೆ ಹಾಕಿಟ್ಟಿದ್ದು’ ಅಂದರು. ಮೊದಲಾಗಿದ್ದರೆ ನಗುತ್ತಿದ್ದೆ. ಹುಳಿ ತುಕ್ಕನ್ನು ಕರಗಿಸುತ್ತದೆ, ಕ್ಷಾರವನ್ನೂ ಅಷ್ಟಿಷ್ಟು ತಗ್ಗಿಸುತ್ತದೆ, ಲೆಕ್ಕ ಸರಿ ಇದೆ. ಉಪ್ಪು ಹಾಕದ ಮಜ್ಜಿಗೆಯನ್ನು ಪ್ಲಾಸ್ಟಿಕ್ ಡಬ್ಬದಲ್ಲಿ ನಾಲ್ಕೈದು ಮೊಳೆಯೊಂದಿಗೆ ಒಂದು ವಾರ ಬಿಟ್ಟು, ಒಂದು ಲೋಟಕ್ಕೆ ಹತ್ತು ಲೋಟ ನೀರು ಸೇರಿಸಿ ಹದಿನೈದು ದಿನಕ್ಕೊಮ್ಮೆ ಹಾಕಿದೆ. ಬೂದಿ ಪೂರ್ತಿ ಬಂದ್. ಫಿಲ್ಟರ್ ನೀರು ಬಚ್ಚಲಿಗೆ. ಅಷ್ಟರಲ್ಲಿ ಮಳೆಯೂ ಬಂತು. ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್ ಹೊಡೆಯಿತಲ್ಲ, ಅವತ್ತು ಕುಂಡಗಳ ತಳದಿಂದ ಟೀ ಬಣ್ಣದ ನೀರು ಗಂಟೆಗಟ್ಟಲೆ ಹರಿಯಿತು. ಲವಣವನ್ನು ತೊಳೆದದ್ದು ಬಹುಪಾಲು ಆ ಮಳೆಯೇ ಇರಬೇಕು. ಜುಲೈ ನಡುವೆ ಕರಿಬೇವು ಹಸಿರು ಚಿಗುರಿತು. ಮಜ್ಜಿಗೆಯಿಂದಲೋ ಮಳೆಯಿಂದಲೋ ಅಂತ ಆಣೆ ಮಾಡಿ ಹೇಳಲಾರೆ. ಅತ್ತೆಯ ಮುಂದೆ ಮಾತ್ರ ಮಜ್ಜಿಗೆಯಿಂದ ಅಂತಲೇ ಹೇಳಿದ್ದೇನೆ.

ಆ ಮೇಲೆ ಎರಡು ನೀಲಿ ಡ್ರಮ್ ತಂದು ತಾರಸಿಯ ಮಳೆನೀರಿಗೆ ಪೈಪು ಕೊಟ್ಟೆ. ಸೊಳ್ಳೆ ಮೊಟ್ಟೆ ಇಡದ ಹಾಗೆ ಬಾಯಿಗೆ ಬಲೆ. ಹಿಂಡಿ, ಮಜ್ಜಿಗೆ, ಜೀವಾಮೃತ ಏನೇ ಬೆರೆಸಿದರೂ ಆ ನೀರಲ್ಲೇ. ವರ್ಷದ ಖರ್ಚು ಹಿಂಡಿ, ಬೆಲ್ಲ ಎಲ್ಲ ಸೇರಿ 600 ರೂಪಾಯಿ ದಾಟುವುದಿಲ್ಲ. ಡ್ರಮ್ಮಿನ ದುಡ್ಡನ್ನು ಮನೆಯವರ ಮುಂದೆ ಇದಕ್ಕೆ ಸೇರಿಸುವುದಿಲ್ಲ.

ಮಳೆ ಜೋರಿದ್ದಾಗ ಏನೂ ಹಾಕುವುದಿಲ್ಲ, ಹಾಕಿದ್ದೆಲ್ಲ ತೊಳೆದು ಆಂಟಿಯ ಗೋಡೆಗೆ ಕರೆ ಕಟ್ಟುತ್ತದೆ. ಬಿಡುವು ಕೊಟ್ಟ ಎರಡು ಮೂರು ದಿನ ನೋಡಿ ಅರ್ಧ ಲೋಟ. ನೆನ್ನೆ ಹಾಗೆ ಬಿಡುವಾಗಿತ್ತು. ಬೆಳಗ್ಗೆ ಡಬ್ಬದ ಬಟ್ಟೆ ಬಿಚ್ಚುವಷ್ಟರಲ್ಲಿ ಆಂಟಿ ಮೆಟ್ಟಿಲಿನಿಂದಲೇ ಕೂಗಿದರು: ‘ಆ ನಾತದ ನೀರು ಇವತ್ತು ಹಾಕ್ತೀಯೇನಮ್ಮಾ? ಹಾಕೋದಾದ್ರೆ ಹೇಳು, ಬಟ್ಟೆ ಒಳಗೆ ತಗೋತೀನಿ. ಹಾಗೇ ಎರಡು ಎಸಳು ಕರಿಬೇವು ಕಿತ್ತಿಡು, ಒಗ್ಗರಣೆಗೆ.’