ಹೊಸ ಕಾರು ಬಂತಾ? ಮೊದಲು ಬೈರಾಸು ದೂರ ಇಡಿ

ಕಾರು ಮನೆಗೆ ಬಂದ ಮೂರನೇ ದಿನ ಬೆಳಿಗ್ಗೆ ಬಾನೆಟ್ ಮೇಲೆ ತೆಳ್ಳಗೆ ಕೆಂಪು ಧೂಳು ಕೂತಿತ್ತು. ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮ ಮನೆ. ಮುಖ್ಯರಸ್ತೆಯಿಂದ ಅಂಗಳದವರೆಗೆ ಅರ್ಧ ಕಿಲೋಮೀಟರ್ ಮಣ್ಣಿನ ದಾರಿ. ಸರಿಗೆಯಲ್ಲಿ ಒಣಗಿದ ಹಳೆ ಬೈರಾಸು (ಮೈ ಒರೆಸುವ ಟವೆಲ್) ಇತ್ತು, ತೆಗೆದು ಒರೆಸಿದೆ. ಮರುದಿನವೂ ಒರೆಸಿದೆ. ಹೀಗೇ ಒಂದು ವಾರ. ಆಮೇಲೆ ಒಂದು ರಾತ್ರಿ ಕುಂಬಳೆಯ ಪೆಟ್ರೋಲ್ ಬಂಕಿನಲ್ಲಿ ದೀಪದ ಕೆಳಗೆ ನಿಲ್ಲಿಸಿ ನೋಡಿದರೆ, ಕಪ್ಪು ಬಾನೆಟ್ ತುಂಬ ಜೇಡರ ಬಲೆಯ ಹಾಗೆ ಸುರುಳಿ ಸುರುಳಿ ಗೀರು. ದಾರಿಯಲ್ಲಿ ಯಾರೂ ತಾಗಿಸಿರಲಿಲ್ಲ. ಅಷ್ಟನ್ನೂ ನಾನೇ ಹಾಕಿದ್ದು.

ಯಾಕೆ ಹೀಗಾಗುತ್ತದೆ ಅಂತ ತಿಳಿದರೆ ಮುಂದಿನ ಕೆಲಸ ಸುಲಭ. ಕಾರಿನ ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಒಂದು ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ. ನಮಗೆ ಕಾಣುವ ಹೊಳಪು ಈ ಕೊನೆಯದ್ದರದ್ದು. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್, ಅಂದರೆ ಸಾಧಾರಣ ತಲೆಕೂದಲಿಗಿಂತ ತೆಳು. ನಮ್ಮ ಧೂಳಿನಲ್ಲಿರುವ ಮರಳಿನ ಕಣ ಅದಕ್ಕಿಂತ ಎಷ್ಟೋ ಗಟ್ಟಿ. ಒಣ ಬಟ್ಟೆಯಲ್ಲಿ ಒರೆಸಿದರೆ ಮರಳು ಕಾಗದ ತಿಕ್ಕಿದ ಹಾಗೆಯೇ. ಮೆಶಿನ್ ಪಾಲಿಶ್ ಮಾಡಿದರೆ ಗೀರು ಹೋಗುತ್ತದೆ ನಿಜ. ಆದರೆ ಗೀರಿನ ಆಳದವರೆಗೆ ಕ್ಲಿಯರ್ ಕೋಟನ್ನೇ ಉಜ್ಜಿ ತೆಗೆದಿರುತ್ತಾರೆ, ಅಷ್ಟೆ. ಅಂಥ ಪಾಲಿಶ್ ಕಾರಿನ ಆಯುಷ್ಯದಲ್ಲಿ ಕೆಲವು ಸಲ ಮಾತ್ರ ಸಾಧ್ಯ.

ಶೋರೂಮಿನಲ್ಲೇ ಶುರು ಮಾಡಿ

ಡೆಲಿವರಿಗೆ ನಾಲ್ಕು ದಿನ ಮೊದಲೇ ಹೇಳಿಬಿಡಿ: ‘ತೊಳೆಯುವುದು ಬೇಡ, ಪಾಲಿಶ್ ಬೇಡ, ಧೂಳಿದ್ದರೂ ಪರವಾಗಿಲ್ಲ.’ ಹುಡುಗ ವಿಚಿತ್ರವಾಗಿ ನೋಡಬಹುದು, ನೋಡಲಿ. ಒಂದೇ ಬಟ್ಟೆಯಲ್ಲಿ ದಿನಕ್ಕೆ ಎಷ್ಟೋ ಕಾರು ಒರೆಸುವ ಕಡೆ ನಿಮ್ಮದು ಮಾತ್ರ ಗೀರಿಲ್ಲದೆ ಬರುವುದು ಕಷ್ಟ. ಕಾರು ನೋಡುವುದು ಹಗಲಿನ ಬೆಳಕಿನಲ್ಲಿ, ಒಣಗಿರುವಾಗ. ನೀರಿನ ಹನಿ ಇದ್ದರೆ ಗೀರೂ ಕಾಣುವುದಿಲ್ಲ, ಕುಳಿಯೂ ಕಾಣುವುದಿಲ್ಲ. ಎದುರಿನಿಂದಲ್ಲ, ಓರೆಯಾಗಿ ಬಗ್ಗಿ ನೋಡಿ. ಬಾಗಿಲ ಅಂಚು, ಮಾಡು (ಕಾರಿನ ಛಾವಣಿ), ಬಂಪರಿನ ಮೂಲೆ ಬಿಡಬೇಡಿ. ಒಂದು ಬಾಗಿಲಿನ ಬಣ್ಣ ಪಕ್ಕದ್ದಕ್ಕಿಂತ ಚೂರು ಬೇರೆ ಅನಿಸಿದರೆ, ರಬ್ಬರ್ ಬೀಡಿಂಗಿನ ಮೇಲೆ ಪೇಂಟಿನ ಚುಕ್ಕೆ ಕಂಡರೆ ಅಲ್ಲೇ ಕೇಳಿ. ಸಹಿ ಹಾಕಿದ ಮೇಲೆ ಕೇಳಿ ಪ್ರಯೋಜನ ಕಮ್ಮಿ.

ಮಧೂರಿಗೋ ಅನಂತಪುರಕ್ಕೋ ಹೋಗಿ ವಾಹನ ಪೂಜೆ ಮಾಡಿಸದೆ ನಮ್ಮಲ್ಲಿ ಕಾರು ಮನೆಗೆ ಬರುವುದು ಕಮ್ಮಿ ಅಲ್ವಾ? ಮಾಡಿಸಿ. ಆದರೆ ಗಂಧ, ಕುಂಕುಮವನ್ನು ಗಾಜಿನ ಮೇಲೆ ಹಚ್ಚಲು ಭಟ್ಟರ ಹತ್ತಿರ ಕೇಳಿಕೊಳ್ಳಿ. ನಾನು ಕೇಳಿದಾಗ ಅವರು ನಕ್ಕು, ‘ದೇವರಿಗೆ ಗಾಜಾದರೂ ಒಂದೇ, ಬಾನೆಟ್ ಆದರೂ ಒಂದೇ’ ಅಂದರು. ಬಾನೆಟ್ ಮೇಲೆಯೇ ಬಿದ್ದಿದ್ದರೆ ಮನೆಗೆ ಬಂದು ನೀರು ಬಿಟ್ಟು ನೆನೆಸಿ ತೆಗೆಯಿರಿ, ಉಗುರಿನಲ್ಲಿ ಕೆರೆಯಬೇಡಿ. ಹೂವಿನ ಮಾಲೆಯನ್ನು ಅಂದು ಸಂಜೆಯೇ ಬಿಚ್ಚಿ. ಗಾಳಿಗೆ ಅದರ ಹಗ್ಗ ಪೇಂಟಿಗೆ ಉಜ್ಜುತ್ತಾ ಇರುತ್ತದೆ. ತೆಂಗಿನಕಾಯಿ ಒಡೆಯುವುದು ಬಂಪರಿನಿಂದ ಮಾರು ದೂರದಲ್ಲಿ.

ಕೋಟಿಂಗ್ ಬೇಕಾ?

ಶೋರೂಮಿನಲ್ಲಿ ನಿಮ್ಮನ್ನು ಕೂರಿಸಿ ಟೆಫ್ಲಾನ್, ಸೆರಾಮಿಕ್, ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಅಂತ ಮೂರು ಹೆಸರು ಹೇಳುತ್ತಾರೆ. ಆ ಹೊತ್ತಿನಲ್ಲಿ ಯಾರಿಗೂ ‘ಬೇಡ’ ಅನ್ನಲು ಬಾಯಿ ಬರುವುದಿಲ್ಲ. ಮನೆಗೆ ಬಂದು ಯೋಚಿಸಿ. ಟೆಫ್ಲಾನ್ ಅಂತ ಮಾಡುವುದು ಹೆಚ್ಚುಕಮ್ಮಿ ಒಳ್ಳೆಯ ಪಾಲಿಶ್, ಕೆಲವು ತಿಂಗಳಿನದ್ದು. ಸೆರಾಮಿಕ್ ಒಂದೆರಡು ಮೈಕ್ರಾನಿನ ಗಟ್ಟಿ ಪದರ. ನೀರು ಕೆಸುವಿನೆಲೆಯ ಮೇಲಿನ ಹಾಗೆ ಉರುಳಿ ಹೋಗುತ್ತದೆ, ತೊಳೆಯುವುದು ಸುಲಭ, ಬಿಸಿಲಿಗೂ ತಡೆ. ಕಲ್ಲಿನ ಏಟು ಮಾತ್ರ ತಡೆಯದು. ಅದಕ್ಕೆ ಪಿಪಿಎಫ್ಫೇ ಆಗಬೇಕು. ಅದು 150ರಿಂದ 200 ಮೈಕ್ರಾನ್ ದಪ್ಪದ ಪಾಲಿಯುರೆಥೇನ್ ಹಾಳೆ. ಒಳ್ಳೆಯದಾದರೆ ಸಣ್ಣ ಗೀರು ಬಿಸಿಲಿಗೆ ತಾನೇ ಕೂಡಿಕೊಳ್ಳುತ್ತದೆ. ಇಡೀ ಕಾರಿಗೆ ಅಂಟಿಸಿದರೆ ಜೇಬಿಗೆ ದೊಡ್ಡ ಏಟು.

ನನ್ನ ಲೆಕ್ಕ ಇಷ್ಟು. ತಲಪಾಡಿಯಿಂದ ಈಚೆ ಹೆದ್ದಾರಿಯಲ್ಲಿ ಟಿಪ್ಪರ್ ಹಿಂದೆ ದಿನಾ ಓಡಾಡುವವರು ಮುಂದಿನ ಬಂಪರ್, ಬಾನೆಟಿನ ಮುಂಭಾಗ, ಬಾಗಿಲ ಅಂಚು, ಹಿಡಿಯ ಒಳಗುಳಿ, ಇಷ್ಟಕ್ಕೆ ಪಿಪಿಎಫ್ ಹಾಕಿಸಿದರೆ ಸಾಕು. ಉಳಿದ ಕಡೆ ನೀವೇ ವ್ಯಾಕ್ಸ್ ಹಚ್ಚಿ. ಕಾರ್ನೌಬಾ ವ್ಯಾಕ್ಸ್ ಸಿಗುತ್ತದೆ, ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಯಿಂದ ತೆಗೆಯುವುದು. ನಮ್ಮ ತೆಂಗು, ಅಡಿಕೆಗೆ ದೂರದ ನೆಂಟ! ನಮ್ಮ ಸೆಖೆಗೆ ಕೆಲವು ವಾರ ನಿಲ್ಲುತ್ತದೆ, ಸಿಂಥೆಟಿಕ್ ಸೀಲೆಂಟ್ ಆದರೆ ಕೆಲವು ತಿಂಗಳು. ಹೊಸ ಪೇಂಟಿಗೆ ಇಷ್ಟು ಬೇಗ ಹಚ್ಚಬಹುದಾ ಅಂತ ಕೇಳುವವರಿದ್ದಾರೆ. ಫ್ಯಾಕ್ಟರಿಯ ಪೇಂಟ್ ಬಿಸಿ ಗೂಡಿನಲ್ಲಿ ಬೆಂದು ಬಂದದ್ದು, ಮೊದಲ ದಿನವೇ ಹಚ್ಚಬಹುದು. ಗ್ಯಾರೇಜಿನಲ್ಲಿ ಮತ್ತೆ ಪೇಂಟ್ ಹೊಡೆಸಿದರೆ ಮಾತ್ರ ಕಾಯಬೇಕು. ಎಷ್ಟು ದಿನ ಅಂತ ಪೇಂಟಿನವರನ್ನೇ ಕೇಳಿ.

ತೊಳೆಯುವ ಕ್ರಮ

ಬೆಳಿಗ್ಗೆ ಅಥವಾ ಸಂಜೆ, ನೆರಳಿನಲ್ಲಿ, ಬಾನೆಟ್ ತಣ್ಣಗಿರುವಾಗ. ಬೇಕಾದದ್ದು ಎರಡು ಬಕೆಟ್, ಕಾರಿನ ಶಾಂಪೂ, ಮೈಕ್ರೋಫೈಬರಿನ ಕೈಚೀಲ (ಕೈಗೆ ಹಾಕಿಕೊಳ್ಳುವ ಗವಸು), ಒಂದು ದಪ್ಪ ಮೈಕ್ರೋಫೈಬರ್ ಬಟ್ಟೆ. ಪಾತ್ರೆ ತೊಳೆಯುವ ಸೋಪು ಬೇಡ, ಹಚ್ಚಿದ ವ್ಯಾಕ್ಸನ್ನೂ ಎಬ್ಬಿಸುತ್ತದೆ.

ಮೊದಲು ಕೈ ಮುಟ್ಟಿಸದೆ ಪೈಪಿನಲ್ಲಿ ನೀರು ಬಿಡಿ, ಮಾಡಿನಿಂದ ಕೆಳಕ್ಕೆ. ಅರ್ಧ ಧೂಳು ಇಲ್ಲೇ ಹೋಗುತ್ತದೆ. ಒಂದು ಬಕೆಟಿಗೆ ಶಾಂಪೂ ನೀರು, ಇನ್ನೊಂದಕ್ಕೆ ಬರೀ ನೀರು. ಕೈಚೀಲವನ್ನು ಶಾಂಪೂವಿನಲ್ಲಿ ಅದ್ದಿ ಮಾಡು ತೊಳೆಯಿರಿ. ನೇರ ಎಳೆಯಿರಿ, ಸುತ್ತ ತಿರುಗಿಸಬೇಡಿ, ಒತ್ತಬೇಡಿ. ಮಾಡು ಮುಗಿದ ಕೂಡಲೇ ಕೈಚೀಲವನ್ನು ಬರೀ ನೀರಿನಲ್ಲಿ ಹಿಂಡಿ, ಮತ್ತೆ ಶಾಂಪೂ, ಆಮೇಲೆ ಬಾನೆಟ್. ಹೀಗೆ ಒಂದೊಂದೇ ಭಾಗ. ಬಾಗಿಲಿನ ಕೆಳಗಿನ ಪಟ್ಟಿ ಕೊನೆಗೆ, ಕೆಸರು ಜಾಸ್ತಿ ಇರುವುದು ಅಲ್ಲೇ. ಎಲ್ಲ ಮುಗಿದ ಮೇಲೆ ಎರಡನೇ ಬಕೆಟಿನ ತಳಕ್ಕೆ ಕೈ ಹಾಕಿ ನೋಡಿ. ಚಿಟಿಕೆ ಕೆಂಪು ಮರಳು ಬೆರಳಿಗೆ ಸಿಗುತ್ತದೆ. ಆ ಬಕೆಟ್ ಇಲ್ಲದಿದ್ದರೆ ಅದು ಬಾನೆಟ್ ಮೇಲೆ ಓಡಾಡುತ್ತಿತ್ತು.

ನೀರು ತಾನಾಗಿ ಒಣಗಲು ಬಿಡಬೇಡಿ. ಕೆಲವು ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಇರುತ್ತದೆ, ಹನಿ ಒಣಗಿದಲ್ಲೆಲ್ಲ ಕಂದು ಕಲೆ. ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಪೈಪಿನಲ್ಲಿ ತಾನಾಗಿ ಇಳಿದು ಬರುವ ಮನೆಯವರು ಪುಣ್ಯವಂತರು. ಬಟ್ಟೆಯನ್ನು ಹರಡಿ ಮೆಲ್ಲ ಎಳೆದುಕೊಳ್ಳಿ, ತಿಕ್ಕಬೇಡಿ. ಬಟ್ಟೆ ಒಮ್ಮೆ ನೆಲಕ್ಕೆ ಬಿದ್ದರೆ ಅಂದಿಗೆ ಅದರ ಕೆಲಸ ಮುಗಿಯಿತು.

ಪೇಟೆಯಲ್ಲಿ ವಾಟರ್ ಸರ್ವಿಸಿಗೆ ಕೊಡುವುದಾದರೆ ಬರೀ ನೀರು, ಫೋಮ್ ಹೊಡೆಸಿ. ಒರೆಸುವ ಬಟ್ಟೆ ನಿಮ್ಮದೇ ಒಯ್ಯಿರಿ.

ಮೇಲಿಂದ ಬೀಳುವುದು

ಹಕ್ಕಿ, ಬಾವಲಿಯ ಹಿಕ್ಕೆ ಆಮ್ಲೀಯ. ಬಿಸಿಲಿಗೆ ಕಾದ ಪೇಂಟ್ ಮೇಲೆ ಒಂದು ಮಧ್ಯಾಹ್ನ ಕೂತರೂ ಅಚ್ಚು ಬೀಳುತ್ತದೆ. ಒದ್ದೆ ಬಟ್ಟೆಯನ್ನು ಐದು ನಿಮಿಷ ಅದರ ಮೇಲೆ ಹಾಸಿ, ಮೆತ್ತಗಾದ ಮೇಲೆ ಎತ್ತಿ ತೆಗೆಯಿರಿ. ಹಲಸಿನ ಮೇಣಕ್ಕೆ ಮದ್ದು ಅಡುಗೆಮನೆಯಲ್ಲೇ ಇದೆ. ಹಲಸು ಕೊಯ್ಯುವಾಗ ಕೈಗೆ ಏನು ಹಚ್ಚುತ್ತೀರೋ ಅದೇ, ತೆಂಗಿನೆಣ್ಣೆ. ಹೆದ್ದಾರಿಯ ಡಾಮರಿನ ಚುಕ್ಕೆಗೂ ಅದೇ. ಹಚ್ಚಿ ಹತ್ತು ನಿಮಿಷ ಬಿಟ್ಟು ಮೆಲ್ಲ ಒರೆಸಿ, ಆಮೇಲೆ ಶಾಂಪೂವಿನಲ್ಲಿ ಎಣ್ಣೆ ತೊಳೆಯಿರಿ. ಸೀಮೆಎಣ್ಣೆ ಬೇಡ.

ಇನ್ನೊಂದು ಸಂಗತಿ ಬೇರೆ ಊರಿನ ಪುಸ್ತಕದಲ್ಲಿ ಸಿಗಲಿಕ್ಕಿಲ್ಲ. ಮಳೆ ಶುರುವಾಗುವ ಮೊದಲು ಅಡಿಕೆಗೆ ಮದ್ದು ಬಿಡುವ ದಿನ ನಾನು ಕಾರನ್ನು ತೋಟದ ಬದಿಯಲ್ಲಿ ನಿಲ್ಲಿಸಿ ಒಳಗೆ ಚಾ ಕುಡಿಯುತ್ತಿದ್ದೆ. ಹೊರಗೆ ಬಂದರೆ ಕಪ್ಪು ಕಾರಿನ ತುಂಬ ತಿಳಿನೀಲಿ ಚುಕ್ಕೆ. ‘ಎಂತ ಮಾರಾಯ್ರೆ, ಕಾರಿಗೆ ಸಿಡುಬು ಬಂದದ್ದಾ?’ ಅಂತ ಪಕ್ಕದ ಮನೆಯವರು ನಕ್ಕರು. ಬೋರ್ಡೋ ದ್ರಾವಣ ಅಂದರೆ ಮೈಲುತುತ್ತು ಮತ್ತು ಸುಣ್ಣ, ನೂರು ಲೀಟರ್ ನೀರಿಗೆ ಒಂದೊಂದು ಕಿಲೋ. ಎಲೆಗೆ, ಗೊನೆಗೆ ಅಂಟಿ ಮಳೆಗೂ ಹೋಗಬಾರದು ಅಂತಲೇ ಮಾಡಿದ್ದು, ಕಾರನ್ನು ಬಿಟ್ಟೀತಾ? ಹಸಿ ಇರುವಾಗ ಬರೀ ನೀರಿಗೆ ಹೋಗುತ್ತದೆ. ಒಣಗಿದ್ದರೆ ವಿನೆಗರಿಗೆ ಅಷ್ಟೇ ನೀರು ಸೇರಿಸಿ, ಬಟ್ಟೆ ಅದ್ದಿ, ಚುಕ್ಕೆಯ ಮೇಲೆ ಎರಡು ನಿಮಿಷ ಇಡಿ. ಸುಣ್ಣ ಕರಗುತ್ತದೆ. ಧಾರಾಳ ನೀರು ಹಾಕಿ, ಅಲ್ಲಿಗೆ ಮತ್ತೆ ವ್ಯಾಕ್ಸ್ ಹಚ್ಚಿ.

ಚಕ್ರಗಳ ಕಡೆ

ಚಕ್ರಕ್ಕೆ ಬೇರೆಯೇ ಬಕೆಟ್, ಬೇರೆಯೇ ಬ್ರಶ್. ಅವನ್ನು ಬಾನೆಟಿಗೆ ಯಾವತ್ತೂ ತರಬೇಡಿ. ಮುಂದಿನ ಚಕ್ರದ ಮೇಲೆ ಕಾಣುವ ಕಪ್ಪು ಹುಡಿ ಬರೀ ಧೂಳಲ್ಲ. ಬ್ರೇಕ್ ಹಿಡಿದಾಗ ಡಿಸ್ಕ್, ಪ್ಯಾಡ್ ಸವೆದು ಏಳುವ ಬಿಸಿ ಕಬ್ಬಿಣದ ಹುಡಿ. ವಾರಗಟ್ಟಲೆ ಬಿಟ್ಟರೆ ಅಲಾಯ್ ವೀಲಿನ ಮೇಲ್ಪದರಕ್ಕೆ ಕಚ್ಚಿಕೊಂಡು ತುಕ್ಕು ಚುಕ್ಕೆಯಾಗುತ್ತದೆ. ವಾರಕ್ಕೊಮ್ಮೆ ಶಾಂಪೂ ಸಾಕು. ಕಚ್ಚಿದ್ದರೆ ‘ಐರನ್ ರಿಮೂವರ್’ ಅಂತ ಕೇಳಿ ತನ್ನಿ. ಹೊಡೆದ ಸ್ವಲ್ಪ ಹೊತ್ತಿಗೆ ನೇರಳೆ ಹಣ್ಣು ಜಜ್ಜಿದ ಹಾಗೆ ಬಣ್ಣ ಇಳಿಯುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹೆದರಬೇಡಿ, ಕಬ್ಬಿಣ ಕರಗುವ ಗುರುತು ಅದು. ಚಕ್ರ ತಣ್ಣಗಿರಲಿ, ಒಣಗುವ ಮೊದಲು ತೊಳೆಯಿರಿ. ಆಸಿಡ್ ಕ್ಲೀನರ್ ಮುಟ್ಟಬೇಡಿ. ತೊಳೆದ ಮರುದಿನ ಬ್ರೇಕ್ ಡಿಸ್ಕ್ ಮೇಲೆ ಕಿತ್ತಳೆ ಬಣ್ಣದ ತುಕ್ಕು ಕಂಡರೆ ಶೋರೂಮಿಗೆ ಫೋನ್ ಮಾಡುವುದು ಬೇಡ, ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ.

ಡೈಮಂಡ್ ಕಟ್ ಅಲಾಯ್ ಇದ್ದವರಿಗೆ ಒಂದು ಮಾತು ಜಾಸ್ತಿ. ಅದರ ಹೊಳೆಯುವ ಮುಖ ಬರೀ ಕಡೆದ ಲೋಹ, ಮೇಲೊಂದು ತೆಳು ಲ್ಯಾಕರ್. ಮುರಕಲ್ಲಿನ ಕಟ್ಟೆಗೆ ಒಮ್ಮೆ ತಾಗಿದರೂ ಆ ಗೀರಿನಿಂದ ನೀರು ಒಳಗೆ ಹೊಕ್ಕು, ಲ್ಯಾಕರ್ ಅಡಿಯಲ್ಲಿ ಬಿಳಿ ತುಕ್ಕು ಬೇರಿನ ಹಾಗೆ ಹಬ್ಬುತ್ತದೆ. ಬೇಕಲದ ಕಡಲತೀರಕ್ಕೆ ಹೋಗಿ ಬಂದರೆ ಅಂದೇ ಚಕ್ರಕ್ಕೂ ಅಡಿಭಾಗಕ್ಕೂ ಸಿಹಿನೀರು ಬಿಡಿ.

ರಿಮ್ ಬಗ್ಗುವುದು ಹೆಚ್ಚಾಗಿ ಹೊಂಡದಲ್ಲಿ, ಗಾಳಿ ಕಮ್ಮಿ ಇದ್ದಾಗ. ಎಷ್ಟು ಗಾಳಿ ಬೇಕು ಅಂತ ಡ್ರೈವರ್ ಬಾಗಿಲಿನ ಕಂಬದಲ್ಲಿ ಚೀಟಿ ಇರುತ್ತದೆ. ಟಯರ್ ತಣ್ಣಗಿರುವಾಗ ನೋಡಿ. ಪಂಕ್ಚರ್ ಹಾಕಿಸಿದ ಮೇಲೆ ನೂರು ಕಿಲೋಮೀಟರಿನೊಳಗೆ ನಟ್ಟು ಬಿಗಿ ಇದೆಯಾ ನೋಡಿ. ಟಯರಿಗೆ ಹೊಳಪು ಹಚ್ಚುವವರು ನೀರಿನಲ್ಲಿ ಬೆರೆಸಿ ಮಾಡಿದ್ದು (ವಾಟರ್ ಬೇಸ್) ತನ್ನಿ, ಹಚ್ಚಿ ಹೆಚ್ಚಿನದ್ದನ್ನು ಒರೆಸಿ. ಇಲ್ಲದಿದ್ದರೆ ಹೊರಟ ಕೂಡಲೇ ಬಾಗಿಲ ಮೇಲೆ ಎಣ್ಣೆಯ ಚುಕ್ಕೆ ಚಿಮ್ಮಿರುತ್ತದೆ.

ಮಳೆಗಾಲಕ್ಕೆ ಮೊದಲು ಮಡ್ ಫ್ಲ್ಯಾಪ್ ಹಾಕಿಸಿ. ಆದಷ್ಟೂ ಇರುವ ತೂತಿಗೇ ಕೂರುವಂಥದ್ದು ಆಗಲಿ. ಹೊಸ ತೂತು ಕೊರೆದರೆ ತುಕ್ಕಿಗೆ ಬಾಗಿಲು ತೆರೆದ ಹಾಗೆ. ಚಕ್ರದ ಮೇಲಿನ ಕಮಾನಿನ ಒಳಗೆ ಕೆಸರು ಮುದ್ದೆಯಾಗಿ ಕೂರುತ್ತದೆ, ವಾರಕ್ಕೊಮ್ಮೆ ಪೈಪನ್ನು ಒಳಗೆ ತಿರುಗಿಸಿ ಬಿಡಿ. ಕವರ್ ಹಾಕುವುದಾದರೆ ತೊಳೆದು ಒಣಗಿದ ಕಾರಿಗೆ ಮಾತ್ರ, ಅದೂ ಗಾಳಿಯಾಡುವ ಬಟ್ಟೆಯದ್ದು. ಧೂಳಿನ ಮೇಲೆ ಕವರ್ ಎಳೆದರೆ ನನ್ನ ಬೈರಾಸಿನ ಕೆಲಸವನ್ನೇ ಅದು ಇಡೀ ಕಾರಿಗೆ ಒಂದೇ ಸಲ ಮಾಡುತ್ತದೆ. ಮಾಡಿನಡಿ ಜಾಗ ಇದ್ದರೆ ಕವರೇ ಬೇಡ.